ಪುಣೆಗೆ ಬಂದ ಡೇರೆ ಗೆಡ್ಡೆ ಯಾಕೆ ಕೈ ಕೊಡತ್ತೆ: ಲಕ್ಷಣ ನೋಡಿ ದೋಷ ಹಿಡಿಯೋ ಕೈಪಿಡಿ

ಶಿರಸಿ, ಸಿದ್ದಾಪುರ, ಸಾಗರ ಕಡೆಯೋರು ಊರಿಂದ ಪುಣೆಗೆ ವಾಪಸ್ ಬರೋವಾಗ ಬ್ಯಾಗಲ್ಲಿ ಅಪ್ಪೆಮಿಡಿ ಭರಣಿ ಪಕ್ಕ ಪೇಪರಲ್ಲಿ ಸುತ್ತಿದ ನಾಕು ಡೇರೆ ಗೆಡ್ಡೆ, ಅಂದ್ರೆ ನರ್ಸರಿಯವರು ಡೇಲಿಯಾ ಅನ್ನೋ ಹೂವಿನ ಗೆಡ್ಡೆ, ಇರೋದು ಮಾಮೂಲು. ಅಲ್ಲಿ ಅಂಗಳದ ಅಂಚಲ್ಲಿ ಹುಗಿದು ಮರೆತ್ರೂ ಶ್ರಾವಣದ ಹೊತ್ತಿಗೆ ಹೂ ಹೊತ್ಕೊಂಡು ನಿಂತಿರತ್ತೆ, ಇಲ್ಲಿ ಕೋಥ್ರೂಡ್ ಬಾಲ್ಕನೀಲೋ ವಾಕಡ್ ಸೊಸೈಟಿ ಟೆರೇಸಲ್ಲೋ ಅದೇ ಗೆಡ್ಡೆ ಒಂದೋ ಮೊಳೆಯಲ್ಲ, ಮೊಳೆತ್ರೆ ಬಾಡತ್ತೆ, ಬಾಡದಿದ್ರೆ ಬರೀ ಎಲೆ ಬಿಡತ್ತೆ. ಆಗ ಎಲ್ರೂ ಮಾಡೋ ಮೊದಲ ಕೆಲ್ಸ ನರ್ಸರಿಗೆ ಹೋಗಿ ಒಂದು ಔಷಧಿ ಬಾಟಲಿ ತರೋದು. ಅದು ಕೊನೆಗೆ ಮಾಡೋ ಕೆಲ್ಸ. ಇಲ್ಲಿನ ಡೇರೆ ತೊಂದರೆಗಳಲ್ಲಿ ಮುಕ್ಕಾಲು ಪಾಲು ಕುಂಡದೊಳಗಿನ ನೀರಿಂದು, ಇಲ್ಲಾಂದ್ರೆ ಬಿಸಿಲು ಮತ್ತು ಹಂಗಾಮಿಂದು ಅನ್ನೋದು ನನ್ನ ಅಂದಾಜು. ರೋಗ, ಹುಳ ಎಲ್ಲ ಆಮೇಲೆ. ಹಾಗಾಗಿ ಇಲ್ಲಿ ಪ್ರತಿ ಲಕ್ಷಣಕ್ಕೂ ಮೊದಲು ಪುಕ್ಕಟೆ ಪರೀಕ್ಷೆ, ಆಮೇಲೆ ಗೆಡ್ಡೆ ಅಗೆದು ನೋಡೋದು, ಔಷಧಿ ತೀರಾ ಕೊನೆಗೆ.

ಗಿಡದ ಸ್ವಭಾವ ಗೊತ್ತಿದ್ರೆ ಅರ್ಧ ದೋಷ ತಾನಾಗೇ ಸಿಗತ್ತೆ. ಡೇರೆ ಮೆಕ್ಸಿಕೋದ ಎತ್ತರದ ಗುಡ್ಡಗಾಡಿಂದು, 1963ರಿಂದ ಆ ದೇಶದ ರಾಷ್ಟ್ರಪುಷ್ಪಾನೂ ಹೌದು. ಅಲ್ಲಿ ಬೇಸಿಗೇಲಿ ಮಳೆ, ಹವೆ ತಂಪು, ಮಳೆ ನಿಂತು ಚಳಿ ಬಂದ್ಮೇಲೆ ಗಿಡ ಒಣಗಿ ಗೆಡ್ಡೆ ನೆಲದೊಳಗೆ ನಿದ್ದೆ. ಅಂದ್ರೆ ಇದಕ್ಕೆ ಹದವಾದ ತಂಪು ಬೇಕು, ಬೆಳೀವಾಗ ನೀರು ಬೇಕು, ನೀರು ನಿಲ್ಲಬಾರದು, ವರ್ಷಕ್ಕೊಂದು ಸಲ ರಜೆ ಬೇಕು. ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು, ಯಾಕಂದ್ರೆ ಅಲ್ಲಿ ಇಳಿಜಾರು ಕೆಂಪು ನೆಲ, ಎಷ್ಟು ಸುರಿದ್ರೂ ಹರಿದು ಹೋಗತ್ತೆ. ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಮಳೆ ಶಿರಸಿಗೆ ಹೋಲಿಸಿದ್ರೆ ಮೂರರಲ್ಲೊಂದು ಪಾಲು, ಹಂಗಾಗಿ ಜೂನ್‌ನಿಂದ ಫೆಬ್ರವರಿ ತನಕ ಡೇರೆ ಇಲ್ಲಿ ಚೆನ್ನಾಗೇ ಬಾಳತ್ತೆ. ನೆಡೋಕೆ ಎರಡು ಹೊತ್ತು: ಜೂನ್‌ನ ಮೊದಲ ಮಳೆ ಬಿದ್ಮೇಲೆ, ಇಲ್ಲಾಂದ್ರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಮಾರ್ಚ್ ಮಧ್ಯದಿಂದ ಮೇ ತನಕ 38-40 ಡಿಗ್ರೀಲಿ ಇದರಿಂದ ಹೂ ಕೇಳೋದು ಅನ್ಯಾಯ.

ನೆಟ್ಟು ತಿಂಗಳಾಯ್ತು, ಮೊಳಕೆನೇ ಕಾಣ್ತಿಲ್ಲ

ಎರಡರಿಂದ ನಾಕು ವಾರ ಹಿಡಿಯೋದು ಸಹಜ, ಕೆಲವು ಜಾತಿ ಆರು ವಾರಾನೂ ಎಳೆಯತ್ತೆ. ಆರು ವಾರ ದಾಟಿದ್ರೆ ಪಕ್ಕದಿಂದ ಮೆಲ್ಲಗೆ ಮಣ್ಣು ಸರಿಸಿ ಗೆಡ್ಡೆ ಮುಟ್ಟಿ ನೋಡಿ.

ಗಟ್ಟಿಯಾಗಿದೆ, ಬಣ್ಣ ಸರಿ ಇದೆ, ಆದ್ರೆ ಎಲ್ಲೂ ಚಿಗುರಿಲ್ಲ ಅಂದ್ರೆ ಕಣ್ಣು ಇದೆಯಾ ಅಂತ ಹುಡುಕಿ. ಆಲೂಗಡ್ಡೆಗೆ ಮೈ ತುಂಬಾ ಕಣ್ಣು, ಡೇರೆಗೆ ಹಂಗಲ್ಲ, ಹಳೇ ಕಾಂಡಕ್ಕೆ ಗೆಡ್ಡೆ ಅಂಟಿರೋ ಕುತ್ತಿಗೆಯ ಮೇಲ್ಭಾಗದಲ್ಲಿ ಮಾತ್ರ. ಗೊಂಚಲಿಂದ ಒಂದೊಂದೇ ಗೆಡ್ಡೆ ಮುರಿದು ನೆಂಟರಿಗೆಲ್ಲಾ ಹಂಚೋವಾಗ ಕುತ್ತಿಗೆ ಮೇಲಿನ ಚೂರು ಬರದೇ ಇದ್ರೆ ಆ ಗೆಡ್ಡೆ ಎಷ್ಟು ದಪ್ಪ ಇದ್ರೂ ಮೊಳೆಯಲ್ಲ. ಬೇರು ಬಿಡಬಹುದು, ತಿಂಗಳುಗಟ್ಲೆ ಕೊಳೀದೆ ಹಾಗೇ ಕೂತಿರಬಹುದು, ಆದ್ರೆ ಗಿಡ ಆಗಲ್ಲ. ಕುತ್ತಿಗೆ ಬಸ್ಸಲ್ಲಿ ಬರೋವಾಗ ಮಡಚಿ ಒಳಗೇ ಮುರಿದಿದ್ರೂ ಇದೇ ಕತೆ. ಕೊಡೋರಿಗೆ ಹೇಳಿ, ಹಳೇ ಕಾಂಡದ ಒಂದು ತುಂಡು ಸೇರಿಸಿ ಕತ್ತರಿಸಿ ಕೊಡಿ ಅಂತ.

ಗೆಡ್ಡೆ ಮೆತ್ತಗಾಗಿದೆ, ಒತ್ತಿದ್ರೆ ನೀರು ಬರತ್ತೆ, ನಾತ ಇದೆ ಅಂದ್ರೆ ನೀವು ನೀರು ಜಾಸ್ತಿ ಹಾಕಿದ್ದೀರಿ ಅಷ್ಟೇ. ಮೊಳಕೆ ಬರೋ ತನಕ ಗೆಡ್ಡೆಗೆ ಬೇರಿಲ್ಲ, ಕುಡಿಯೋಕೆ ಬಾಯೇ ಇಲ್ಲ, ಆ ಹೊತ್ತಲ್ಲಿ ದಿನಾ ಮಗ್ ಗಟ್ಲೆ ಸುರಿದ್ರೆ ಕೊಳೆಯದೇ ಇನ್ನೇನಾಗತ್ತೆ. ನೆಡೋವಾಗ ಒಂದ್ಸಲ ಮಣ್ಣು ಒದ್ದೆ ಮಾಡಿ, ಆಮೇಲೆ ಮೇಲ್ಮಣ್ಣು ಒಣಗಿದ್ರೆ ಚಿಮುಕಿಸಿದ್ರೆ ಸಾಕು, ಜೂನ್‌ನಲ್ಲಿ ನೆಟ್ಟಿದ್ರೆ ಮೊಳಕೆ ಬರೋ ತನಕ ಕುಂಡ ಮಳೆ ಬೀಳದ ಕಡೆ ಇಡಿ. ಗೊಂಚಲಲ್ಲಿ ಒಂದೆರಡು ಮಾತ್ರ ಕೊಳೆತಿದ್ರೆ ಆ ಭಾಗ ಕತ್ತರಿಸಿ, ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ ಹೊಸ ಮಣ್ಣಲ್ಲಿ ನೆಡಿ. ನಾಕರಿಂದ ಆರು ಇಂಚು ಆಳ ಸಾಕು.

ಇನ್ನೊಂದು, ಅಂಗಡೀಲಿ ತಗೊಂಡ ಗೆಡ್ಡೆ ಮೇಲೆ ಬಣ್ಣದ ಪುಡಿ ಇದ್ರೆ ಅದು ಶಿಲೀಂಧ್ರನಾಶಕ ಆಗಿರೋ ಸಾಧ್ಯತೆ ಹೆಚ್ಚು. ಕೈಗವಸು ಹಾಕ್ಕೊಂಡು ಮುಟ್ಟಿ, ಅಡುಗೆ ಮನೆ ಕಟ್ಟೆ ಮೇಲೆ ಗೆಣಸಿನ ಪಕ್ಕ ಇಡಬೇಡಿ. ಮನೆಗೆ ಬಂದ ಅತ್ತೇನೋ ಕೆಲಸದೋರೋ ಗೆಣಸು ಅಂದ್ಕೊಂಡು ಬೇಯಿಸೋಕೆ ಹಾಕೋದು ತಮಾಷೆ ಅನ್ಸತ್ತೆ, ಅಲ್ಲ.

ಗಿಡ ಬಾಡಿದೆ

ಇದು ಅತೀ ಹೆಚ್ಚು ತಪ್ಪು ತಿಳ್ಕೊಳ್ಳೋ ಲಕ್ಷಣ, ಯಾಕಂದ್ರೆ ನೀರು ಕಮ್ಮಿಯಾದ್ರೂ ಬಾಡತ್ತೆ, ಜಾಸ್ತಿಯಾದ್ರೂ ಬಾಡತ್ತೆ, ರೋಗ ಬಂದ್ರೂ ಬಾಡತ್ತೆ, ಎಲ್ಲದಕ್ಕೂ ನಾವು ಮಾಡೋದು ಮಾತ್ರ ಒಂದೇ, ಇನ್ನೊಂದು ಬಕೆಟ್ ನೀರು.

ಮೊದಲು ಗಡಿಯಾರ ನೋಡಿ. ಅಕ್ಟೋಬರ್ ಬಿಸಿಲಿಗೆ ಮಧ್ಯಾಹ್ನ ಎರಡು ಗಂಟೆಗೆ ಎಲೆ ಜೋತು ಬಿದ್ದು ಸಂಜೆ ಏಳಕ್ಕೆ ತಾನೇ ಎದ್ದು ನಿಂತ್ರೆ ರೋಗ ಅಲ್ಲ, ಬೇರು ಎಳೆಯೋ ನೀರಿಗಿಂತ ಎಲೆಯಿಂದ ಆವಿ ಆಗೋದು ಜಾಸ್ತಿ ಆಗಿದೆ, ಮಧ್ಯಾಹ್ನಕ್ಕೆ ಸ್ವಲ್ಪ ನೆರಳು ಮಾಡಿ, ಕಪ್ಪು ಪ್ಲಾಸ್ಟಿಕ್ ಕುಂಡ ಆದ್ರೆ ಅದರ ಸುತ್ತ ಒಂದು ಗೋಣಿಚೀಲ ಕಟ್ಟಿ, ಸಾಕು.

ಬೆಳಿಗ್ಗೆ ಏಳಕ್ಕೇ ಬಾಡಿದ್ರೆ ಬೆರಳು ಮಣ್ಣಿಗೆ ಹಾಕಿ, ಎರಡು ಇಂಚು ಆಳಕ್ಕೆ. ಒಣಗಿದ್ರೆ ನೀರು ಹಾಕಿ, ಒಂದೆರಡು ಗಂಟೇಲಿ ಸರಿ ಹೋಗತ್ತೆ. ಇಲ್ಲೊಂದು ಮೋಸ ಇದೆ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಒಣಗಿದ್ರೆ ನೀರನ್ನ ಹೀರ್ಕೊಳ್ಳದೇ ಕುಂಡದ ಗೋಡೆ ಅಂಚಿಂದ ಕೆಳಗಿಳಿದು ತಟ್ಟೆಗೆ ಬರತ್ತೆ, ನೀವು ನೀರು ಹೊರಗೆ ಬಂತು ಅಂತ ನಿಲ್ಲಿಸ್ತೀರಿ, ಒಳಗೆ ಗೆಡ್ಡೆ ಸುತ್ತ ಹನಿ ನೀರಿಲ್ಲ. ಅನುಮಾನ ಇದ್ರೆ ಕುಂಡ ಓರೆ ಮಾಡಿ ತೂಕ ನೋಡಿ.

ಮಣ್ಣು ಒದ್ದೆ ಇದ್ದೂ ಬೆಳಿಗ್ಗೆ ಗಿಡ ಬಾಡಿದ್ರೆ ಅಲ್ಲಿಗೆ ನೀರು ಹಾಕೋದು ನಿಲ್ಲಿಸಿ. ಕುಂಡದ ತೂತು ಮುಚ್ಚಿದೆಯಾ ನೋಡಿ, ಒಂದು ಕಡ್ಡಿ ಹಾಕಿ ಬಿಡಿಸಿ, ಕೆಳಗಿನ ತಟ್ಟೆ ತೆಗೀರಿ. ಪುಣೆ ಸುತ್ತ ಸಿಗೋ ಕಪ್ಪು ಮಣ್ಣು ಕುಂಡಕ್ಕೆ ಹಾಕಿದ್ರೆ ಮಳೆಗಾಲದಲ್ಲಿ ವಾರಗಟ್ಲೆ ಒಣಗಲ್ಲ, ಆಮೇಲೆ ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯತ್ತೆ, ಎರಡೂ ಕೆಟ್ಟದ್ದೇ. ತೋಟದ ಮಾಲಿಗೆ ಹೇಳಿ ಪೋಯ್ಟಾ ಮಾತಿ (ಮೆಕ್ಕಲು ಮಣ್ಣು) ಅಥವಾ ಕೆಂಪು ಮಣ್ಣು ತರಿಸಿ, ಅದಕ್ಕೆ ಹಳೇ ಶೇಣಖತ (ಸಗಣಿ ಗೊಬ್ಬರ), ಕೋಕೋಪೀಟ್, ದಪ್ಪ ಮರಳು ಸೇರಿಸಿ, ಒಂದು ಹಿಡಿ ನಿಂಬೋಳಿ ಪೆಂಡ, ಅಂದ್ರೆ ಬೇವಿನ ಹಿಂಡಿ. ನೀರು ಹಾಕಿದ್ರೆ ಅರ್ಧ ನಿಮಿಷದೊಳಗೆ ಕೆಳಗಿಂದ ಹೊರಗೆ ಬರಬೇಕು, ಅದೇ ಪರೀಕ್ಷೆ.

ನೀರು ಸರಿ ಹೋದ್ರೂ ಏಳ್ತಿಲ್ಲ ಅಂದ್ರೆ ಕಾಂಡ ಮಣ್ಣಿಗೆ ಸೇರೋ ಜಾಗ ನೋಡಿ. ಅಲ್ಲಿ ಬಿಳಿ ಎಳೆಎಳೆ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನ ಹಾಗೆ ಕಂದು ಉಂಡೆಗಳು ಕಂಡ್ರೆ ಅದು ಸ್ಕ್ಲೆರೋಶಿಯಂ ಬುಡಕೊಳೆ, ಸೆಕೆ ಮತ್ತೆ ತೇವ ಎರಡೂ ಸೇರಿದಾಗ ಬರೋದು. ಆ ಉಂಡೆಗಳೇ ಬೀಜದ ಕೆಲ್ಸ ಮಾಡೋದು, ಮಣ್ಣಲ್ಲಿ ವರ್ಷಗಟ್ಲೆ ಜೀವ ಹಿಡ್ಕೊಂಡಿರತ್ತೆ. ಗಿಡ ಕಿತ್ತು ಮಣ್ಣು ಸಮೇತ ಚೀಲಕ್ಕೆ ಕಟ್ಟಿ ಎಸೀರಿ, ಕಾಂಪೋಸ್ಟಿಗೆ ಹಾಕಬೇಡಿ, ಆ ಮಣ್ಣು ಬೇರೆ ಕುಂಡಕ್ಕೆ ಹಂಚಬೇಡಿ.

ಬೂಷ್ಟು ಇಲ್ಲ, ಎಲೆ ಹಸಿರಾಗಿದ್ದೇ ಇಡೀ ಗಿಡ ಎರಡು ಮೂರು ದಿನದಲ್ಲಿ ಕುಸೀತು ಅಂದ್ರೆ ಒಂದು ಸಣ್ಣ ಪರೀಕ್ಷೆ ಇದೆ, ದುಡ್ಡೇನೂ ಬೇಡ. ಬುಡದ ಹತ್ರ ಕಾಂಡದ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗೋ ಹಾಗೆ ಅಲ್ಲಾಡಿಸದೆ ಹಿಡೀರಿ. ಕೆಲವು ನಿಮಿಷದಲ್ಲಿ ಹಾಲಿನ ಬಣ್ಣದ ಎಳೆ ಕೆಳಗಿಳಿದ್ರೆ ಬ್ಯಾಕ್ಟೀರಿಯಾ ಬಾಡುರೋಗ, ಟೊಮೆಟೊ, ಬದನೆಗೆ ಬರೋದೂ ಇದೇ. ಇದಕ್ಕೆ ಮದ್ದಿಲ್ಲ. ಗಿಡ, ಗೆಡ್ಡೆ, ಮಣ್ಣು ಮೂರೂ ಹೋಗಬೇಕು, ಆ ಮಣ್ಣಲ್ಲಿ ಟೊಮೆಟೊ, ಬದನೆ, ಮೆಣಸು ಹಾಕಬಾರದು. ಅಂಗಡಿಯವರು ಇದಕ್ಕೆ ಏನಾದ್ರೂ ಆಂಟಿಬಯೋಟಿಕ್ ಪುಡಿ ಕೊಡೋಕೆ ನೋಡಿದ್ರೆ ಬೇಡ ಅನ್ನಿ.

ಬೇರೆಲ್ಲ ಸರಿ ಇದ್ದು ಗಿಡ ಸೊರಗ್ತಾನೇ ಇದ್ರೆ ಕಿತ್ತು ಸಣ್ಣ ಬೇರು ನೋಡಿ. ದಪ್ಪ ಗೆಡ್ಡೆ ಸಹಜ, ಆದ್ರೆ ಎಳೆ ಬೇರುಗಳಲ್ಲಿ ಗಂಟುಗಂಟು ಇದ್ರೆ ಗಂಟುಹುಳು ಅಂದ್ರೆ ನೆಮಟೋಡ್. ಆ ಮಣ್ಣನ್ನ ಮೇ ತಿಂಗಳಲ್ಲಿ ಟೆರೇಸ್ ಮೇಲೆ ಹರವಿ, ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ ನಾಕರಿಂದ ಆರು ವಾರ ಬಿಡಿ. ಡೇರೆಗೆ ಶತ್ರು ಆದ ಪುಣೆಯ ಮೇ ಬಿಸಿಲು ಇಲ್ಲಾದ್ರೂ ಉಪಯೋಗಕ್ಕೆ ಬರಲಿ. ಮುಂದಿನ ಹಂಗಾಮಿಗೆ ಅದರಲ್ಲಿ ಚೆಂಡು ಹೂ ಹಾಕಿ, ಡೇರೆ ಬೇಡ.

ಎಲೆ ಹಳದಿ ಆಗ್ತಿದೆ

ಯಾವ ಎಲೆ ಅನ್ನೋದೇ ಇಲ್ಲಿ ಮುಖ್ಯ. ಬುಡದ ಹಳೇ ಎಲೆ ಒಂದೊಂದಾಗಿ ಹಳದಿಯಾಗಿ ಉದುರಿದ್ರೆ, ಗಿಡ ಮೇಲೆ ಚೆನ್ನಾಗಿದ್ರೆ, ಬಿಟ್ಬಿಡಿ. ಜೊತೆಗೆ ಬೆಳವಣಿಗೇನೂ ನಿಂತಿದ್ರೆ ಗೊಬ್ಬರ ಸಾಲ್ತಿಲ್ಲ, ಹಳೇ ಶೇಣಖತ ಎರಡು ಹಿಡಿ ಹಾಕಿ.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣ ಸಿಗ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರ ಆಗಿರತ್ತೆ, ಬೇರು ಅದನ್ನ ಎಳ್ಕೊಳ್ಳೋಕೆ ಆಗಲ್ಲ. ಹೊಸ ಬಡಾವಣೆ ಸೊಸೈಟಿಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ, ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ರೆ ಅದೇ ಸಾಕ್ಷಿ. ಎಲೆ ಅಂಚು ಸುಟ್ಟು ಕಂದಾಗೋದೂ ಬಹಳ ಸಲ ಇದರಿಂದಲೇ. ಮೊದಲು ಕುಂಡದ ಮೂರು ಪಟ್ಟು ನೀರು ನಿಧಾನಕ್ಕೆ ಹರಿಸಿ ಉಪ್ಪು ತೊಳೀರಿ, ಮಳೆನೀರು ಆದ್ರೆ ಇನ್ನೂ ಒಳ್ಳೇದು, ಜುಲೈನಲ್ಲಿ ಒಂದೆರಡು ಡ್ರಮ್ ಹಿಡಿದಿಡೋದು ಕಷ್ಟ ಏನಲ್ಲ, ಮುಚ್ಚಳ ಮಾತ್ರ ಗಟ್ಟಿಯಾಗಿರಲಿ, ಇಲ್ಲಾಂದ್ರೆ ಡೆಂಗಿ ಸೊಳ್ಳೆಗೆ ಮನೆ ಮಾಡಿಕೊಟ್ಟ ಹಾಗೆ. ಅಷ್ಟಾದ್ರೂ ಹೊಸ ಎಲೆ ಹಳದಿನೇ ಬಂದ್ರೆ ಚೀಲೇಟೆಡ್ ಕಬ್ಬಿಣ (ಬೇರು ಸುಲಭವಾಗಿ ಎಳ್ಕೊಳ್ಳೋ ರೂಪದ್ದು) ತಂದು ಪ್ಯಾಕೆಟ್ ಮೇಲಿನ ಅಳತೇಲಿ ಹಾಕಿ. ತುಕ್ಕು ಮೊಳೆ ಹುಗಿಯೋದರಿಂದ ಏನೂ ಆಗಲ್ಲ.

ಗಿಡ ಎದೆಮಟ್ಟ, ಹೂ ಒಂದೂ ಇಲ್ಲ

ಮೊದಲು ಬಿಸಿಲು ಎಣಿಸಿ. ಡೇರೆಗೆ ನೇರ ಬಿಸಿಲು ದಿನಕ್ಕೆ ಆರು ಗಂಟೆ ಬೇಕು, "ಬೆಳಕು ಚೆನ್ನಾಗಿ ಬರತ್ತೆ" ಸಾಲಲ್ಲ. ಫ್ಲ್ಯಾಟಲ್ಲಿರೋರು ಎಡವೋದು ಇಲ್ಲೇ. ಪುಣೇಲಿ ಮೇ ಮಧ್ಯದಿಂದ ಜುಲೈ ಕೊನೆ ತನಕ ನಡುಹಗಲ ಸೂರ್ಯ ನೆತ್ತಿಗಿಂತ ಒಂಚೂರು ಉತ್ತರಕ್ಕಿರತ್ತೆ, ಆಗ ಉತ್ತರದ ಬಾಲ್ಕನೀಗೂ ಬಿಸಿಲು ಬೀಳತ್ತೆ, ನೀವು ಖುಷಿಯಾಗಿ ಅಲ್ಲೇ ಕುಂಡ ಇಡ್ತೀರಿ, ಅಕ್ಟೋಬರ್ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಬಾಲ್ಕನಿ ಪೂರ್ತಿ ನೆರಳು, ಗಿಡ ಬೆಳಕು ಹುಡುಕ್ತಾ ಉದ್ದಕ್ಕೆ ಸೊರಗತ್ತೆ. ಉತ್ತರ ಬಾಲ್ಕನಿ ಮಾತ್ರ ಇದ್ದೋರು ಸೊಸೈಟಿಯವರ ಹತ್ರ ಕೇಳಿ ಟೆರೇಸ್ ಮೇಲಿಡಿ. ಆದ್ರೆ ಒದ್ದೆ ಮಣ್ಣಿನ 14 ಇಂಚಿನ ಕುಂಡ ಒಬ್ರಿಗೆ ಎತ್ತೋಕಾಗದಷ್ಟು ಭಾರ, ಪ್ಯಾರಪೆಟ್ ಗೋಡೆ ಮೇಲಾಗಲೀ ಗ್ರಿಲ್ ಹೊರಗಾಗಲೀ ಇಡಬೇಡಿ, ಜೂನ್ ಗಾಳಿಗೆ ಎತ್ತರದ ಗಿಡ ಹಾಯಿ ಥರ ಹಿಡಿಯತ್ತೆ, ಕೆಳಗೆ ಮಕ್ಕಳು ಆಡ್ತಿರ್ತಾರೆ.

ಬಿಸಿಲು ಸರಿ ಇದ್ದು ಎಲೆ ಕಡುಹಸಿರು, ಕಾಂಡ ದಪ್ಪ, ಹೂ ಇಲ್ಲ ಅಂದ್ರೆ ಸಾರಜನಕ ಜಾಸ್ತಿ. ಯೂರಿಯಾ, ಹಸಿ ಸಗಣಿ, ವಾರವಾರ ಜೀವಾಮೃತ, ಎಲ್ಲಾ ನಿಲ್ಲಿಸಿ. ಪೊಟ್ಯಾಶ್ ಹೆಚ್ಚಿರೋ ಗೊಬ್ಬರ ಹದಿನೈದು ದಿನಕ್ಕೊಮ್ಮೆ ಅರ್ಧ ಅಳತೇಲಿ ಸಾಕು.

ಗೆಡ್ಡೆ ನೆಟ್ಟಲ್ಲಿಂದ ಹೂವಿಗೆ ಎಂಟರಿಂದ ಹನ್ನೆರಡು ವಾರ ಬೇಕು ಅನ್ನೋದೂ ಲೆಕ್ಕದಲ್ಲಿರಲಿ. ನಾಕು ಜೊತೆ ಎಲೆ ಬಂದಾಗ ತುದಿ ಚಿವುಟಿದ್ರೆ ಕವಲು ಜಾಸ್ತಿ, ಹೂವೂ ಜಾಸ್ತಿ, ಒಂದೆರಡು ವಾರ ತಡ ಅಷ್ಟೇ. ಆಸರೆ ಕೋಲು ನೆಡೋ ದಿನಾನೇ ಹುಗೀರಿ, ಆಮೇಲೆ ಹುಗಿದ್ರೆ ಗೆಡ್ಡೆಗೇ ಚುಚ್ಚತ್ತೆ.

ಮೊಗ್ಗು ಬರತ್ತೆ, ಅರಳಲ್ಲ

ಮೊದಲು, ಅದು ಮೊಗ್ಗು ಹೌದಾ? ನಗಬೇಡಿ. ಅರಳಿ ದಳ ಉದುರಿದ ಡೇರೆಯೂ ಮೊಗ್ಗಿನ ಥರಾನೇ ಕಾಣತ್ತೆ. ಹೊಸ ಮೊಗ್ಗು ದುಂಡಗೆ ಚಪ್ಪಟೆ, ಗಟ್ಟಿ. ಮುಗಿದ ಹೂವಿನ ತಲೆ ಮೊನಚು, ಹಿಸುಕಿದ್ರೆ ಮೆತ್ತಗೆ. ಮೊನಚಾದ್ದನ್ನ ಕತ್ತರಿಸ್ತಾ ಇರಬೇಕು, ಇಲ್ಲಾಂದ್ರೆ ಗಿಡ ಬೀಜ ಕಟ್ಟೋ ಕಡೆ ತಿರುಗಿ ಹೊಸ ಹೂ ಕಮ್ಮಿ ಮಾಡತ್ತೆ. ತುಂಬಾ ಜನ ಗೊತ್ತಿಲ್ಲದೆ ದುಂಡಗಿದ್ದದ್ದನ್ನ ಚಿವುಟಿ ಮೊನಚಾದ್ದಕ್ಕೆ ಕಾಯ್ತಾ ಕೂತಿರ್ತಾರೆ.

ನಿಜವಾದ ಮೊಗ್ಗೇ ಸಣ್ಣದಿರುವಾಗ ಕಪ್ಪಾಗಿ ಒಣಗಿದ್ರೆ ಕಾರಣ ಮೂರು. ಒಂದಿನ ನೀರು ಮರೆತು ಮರುದಿನ ಡಬಲ್ ಹಾಕೋದು. ಶಾಖ, 32 ಡಿಗ್ರಿ ದಾಟಿದ್ರೆ ಮೊಗ್ಗು ತಡ್ಕೊಳ್ಳಲ್ಲ, ಅಕ್ಟೋಬರ್ ಮೊದಲ ವಾರಗಳಲ್ಲಿ ಇದು ಸಹಜ, ನವೆಂಬರ್ ತನಕ ಕಾಯಿರಿ. ಮೂರನೇದು ಥ್ರಿಪ್ಸ್ ನುಸಿ: ಮೊಗ್ಗನ್ನ ಬಿಳಿ ಕಾಗದದ ಮೇಲೆ ತಟ್ಟಿ, ಸಪೂರ ಹುಳ ಓಡಾಡಿದ್ರೆ ಅದೇ, ದಳದ ಅಂಚು ಕಂದು ಗೀರು ಗೀರಾಗಿ ಅರ್ಧಂಬರ್ಧ ಬಿಚ್ಚಿರತ್ತೆ. ಆ ಮೊಗ್ಗು ಕಿತ್ತು ಚೀಲಕ್ಕೆ ಹಾಕಿ, ನೀಲಿ ಅಂಟುಹಾಳೆ ತೂಗುಹಾಕಿ.

ಜುಲೈ-ಆಗಸ್ಟ್ ಜಡಿಮಳೇಲಿ ಮೊಗ್ಗಿನ ಮೇಲೆ ಬೂದು ಬಣ್ಣದ ಬೂಷ್ಟು ಬಂದ್ರೆ ಅದು ಬೋಟ್ರೈಟಿಸ್ ಅನ್ನೋ ಶಿಲೀಂಧ್ರ, ಕಿತ್ತೆಸೆದು ಗಿಡಗಳ ನಡುವೆ ಗಾಳಿ ಆಡೋ ಹಾಗೆ ದೂರ ಸರಿಸಿ. ಹೂ ಕುಯ್ದ ಮೇಲೆ ಡೇರೆ ಕಾಂಡ ಒಳಗೆ ಪೊಳ್ಳು ಅನ್ನೋದು ನೆನಪಿರಲಿ, ಮಳೆನೀರು ಆ ಕೊಳವೇಲಿ ಇಳಿದು ಗೆಡ್ಡೆ ತನಕ ಕೊಳೆಸತ್ತೆ. ದಪ್ಪ ಕಾಂಡ ಕತ್ತರಿಸಿದ್ರೆ ಗೆಣ್ಣಿನ ಮೇಲೇ ಕತ್ತರಿಸಿ, ಬಾಯಿಗೆ ಫಾಯಿಲ್ ಚೂರು ಕಟ್ಟಿ.

ಎಲೆ ಮೇಲೆ ಬಿಳಿ ಪುಡಿ, ಅಥವಾ ಎಲೆ ಮಂಕು, ಅಥವಾ ತೂತು

ಔಷಧಿ ಮಾತು ಇಲ್ಲಿಂದ ಬರೋದು, ಅದ್ಕೆ ಎಚ್ಚರಿಕೆ ಮೊದಲು. ಸ್ಪ್ರೇ ಮಾಡೋದು ಸಂಜೆ, ಗಾಳಿ ಇಲ್ಲದಾಗ, ಕೈಗವಸು, ಮಾಸ್ಕ್, ಕನ್ನಡಕ ಹಾಕ್ಕೊಂಡು, ಕೆಳಗಿನ ಮನೆ ಬಟ್ಟೆ ಒಣಗ್ತಿಲ್ಲ ಅಂತ ನೋಡ್ಕೊಂಡು. ನೀರಿನ ಬಾಟಲಿ, ತಂಪು ಪಾನೀಯದ ಬಾಟಲೀಲಿ ಔಷಧಿ ಯಾವತ್ತೂ ತುಂಬಿಡಬೇಡಿ. ಎರಡು ಔಷಧಿ ಒಟ್ಟಿಗೆ ಕಲಸಬೇಡಿ. ಔಷಧಿ ಹೊಡೆದ ಹೂ ಮುಡಿಯೋದು, ದೇವರಿಗೆ ಏರಿಸೋದು ಬೇಡ. ಯಾರಾದ್ರೂ ಕುಡಿದ್ರೆ, ಇಲ್ಲಾ ಹೊಡೆದ ಮೇಲೆ ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಬಂದ್ರೆ ಮನೆಮದ್ದು ಮಾಡ್ತಾ ಕೂರದೆ 108ಕ್ಕೆ ಫೋನ್ ಮಾಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ, ಬಾಟಲಿ ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಡೇರೆ ಎಲೆ ತಿಂದ್ರೆ ನಾಯಿ, ಬೆಕ್ಕಿಗೆ ಹೊಟ್ಟೆ ಕೆಡಬಹುದು, ಕೆಲವರಿಗೆ ಗಿಡದ ರಸ ತಾಗಿ ಚರ್ಮ ತುರಿಸತ್ತೆ, ಸಾಮಾನ್ಯಕ್ಕೆ ತೊಳೆದ್ರೆ ಕಮ್ಮಿ ಆಗತ್ತೆ.

ಬಿಳಿ ಪುಡಿ ಬೆರಳಿಗೆ ಅಂಟಿದ್ರೆ ಬೂದಿ ರೋಗ, ಡಿಸೆಂಬರ್-ಜನವರೀಲಿ ರಾತ್ರಿ ಚಳಿ ಹಗಲು ಒಣ ಬಿಸಿಲು ಇದ್ದಾಗ ಬುಡದ ಎಲೆಯಿಂದ ಶುರು. ಆ ಎಲೆ ತೆಗೀರಿ, ಗಾಳಿ ಆಡಲಿ, ಬಹಳ ಸಲ ಅಷ್ಟಕ್ಕೇ ನಿಲ್ಲತ್ತೆ. ಹಬ್ಬಿದ್ರೆ ನೀರಲ್ಲಿ ಕರಗೋ ಗಂಧಕ ಲೀಟರಿಗೆ 2 ಗ್ರಾಂ. ಗಂಧಕವನ್ನ 32 ಡಿಗ್ರಿ ಮೇಲಿನ ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡತ್ತೆ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ.

ಎಲೆ ಮಂಕಾಗಿ ಸಣ್ಣ ಹಳದಿ ಚುಕ್ಕಿ, ಅಡಿಯಲ್ಲಿ ತೆಳು ಬಲೆ ಅಂದ್ರೆ ಕೆಂಪು ನುಸಿ. ಇದು ಒಣಹವೆಯ ಹುಳ, ಎಲೆ ಅಡಿಗೆ ಮೂರು ದಿನಕ್ಕೊಮ್ಮೆ ಜೋರಾಗಿ ನೀರು ಹಾಯಿಸಿದ್ರೆ ಅರ್ಧಕ್ಕರ್ಧ ಹೋಗತ್ತೆ. ಸಸ್ಯಹೇನು, ಹಿಟ್ಟುತಿಗಣೆಗೂ ಮೊದಲು ನೀರು, ಆಮೇಲೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ನಾಕು ಹನಿ ಸೋಪಿನ ನೀರು. ಇರುವೆ ಸಾಲು ಕಂಡ್ರೆ ಇರುವೆಗೆ ಬೈಬೇಡಿ, ಮೇಲೆಲ್ಲೋ ಹೇನು ಇದೆ ಅಂತ ಅರ್ಥ.

ರಾತ್ರೋರಾತ್ರಿ ಚಿಗುರೇ ಮಾಯ, ಜೊಲ್ಲಿನ ಹಾದಿ ಅಂದ್ರೆ ಬಸವನಹುಳ. ಟಾರ್ಚ್ ಹಿಡ್ಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ, ಬರಿಗೈಲಿ ಮುಟ್ಟಬೇಡಿ. ಅಂಗಡಿಯ ಗುಳಿಗೆ ವಿಷ ನಾಯಿಗೆ ಪ್ರಾಣಕ್ಕೇ ಕುತ್ತು, ನಾಯಿ ಓಡಾಡೋ ಕಡೆ ಹಾಕಲೇಬೇಡಿ.

ಎಲೇಲಿ ಹಳದಿ ಚಿತ್ತಾರ, ಗಿಡ ಕುಳ್ಳು

ನರದ ಉದ್ದಕ್ಕೂ ಹಳದಿ ಪಟ್ಟಿ, ಅಥವಾ ಉಂಗುರ ಉಂಗುರ ಗುರುತು, ಎಲೆ ಮುದುಡಿ ಗಿಡ ಪೊರಕೆಯ ಹಾಗೆ ಗಿಡ್ಡಕ್ಕೆ ನಿಂತಿದ್ರೆ ವೈರಸ್. ಕಬ್ಬಿಣದ ಕೊರತೇಲಿ ನರ ಹಸಿರು, ಉಳಿದದ್ದು ಹಳದಿ. ಇಲ್ಲಿ ನರದ ಗುಂಟವೇ ಹಳದಿ. ಈ ಒಂದು ವ್ಯತ್ಯಾಸ ನೋಡ್ಕೊಳ್ಳಿ, ಯಾಕಂದ್ರೆ ಒಂದು ವಾಸಿ ಆಗತ್ತೆ, ಇನ್ನೊಂದು ಆಗಲ್ಲ. ವೈರಸ್ ಗೆಡ್ಡೇಲೇ ಕೂತಿರತ್ತೆ, ಮುಂದಿನ ವರ್ಷ ಅದೇ ಗೆಡ್ಡೆ, ಅದರ ಮರಿ, ನೀವು ಹಂಚಿದೋರ ಮನೇದು, ಎಲ್ಲಕ್ಕೂ ಹೋಗತ್ತೆ, ಹೇನು, ಥ್ರಿಪ್ಸ್ ಪಕ್ಕದ ಗಿಡಕ್ಕೂ ದಾಟಿಸತ್ತೆ. ಅಜ್ಜಿ ಕೊಟ್ಟ ಬಣ್ಣ ಅಂತ ಉಳಿಸ್ಕೊಳ್ಳೋ ಆಸೆ ಆಗೋದು ಖಂಡಿತ, ಆದ್ರೂ ಕೀಳಬೇಕು. ಕತ್ತರಿ, ಚಾಕು ಸ್ಪಿರಿಟ್ಟಲ್ಲಿ ಒರೆಸಿ ಆಮೇಲೆ ಇನ್ನೊಂದು ಗಿಡ ಮುಟ್ಟಿ. ಅದೇ ಬಣ್ಣ ಊರಲ್ಲಿ ಯಾರ ಅಂಗಳದಲ್ಲಾದ್ರೂ ಚೆನ್ನಾಗಿದ್ರೆ ಅಲ್ಲಿಂದ ಹೊಸ ಗೆಡ್ಡೆ ತರಿಸೋದು ಜಾಣತನ.

ಕೀಳೋ ಮುಂಚೆ ಖಾತ್ರಿ ಬೇಕು ಅನ್ಸಿದ್ರೆ ಶಿವಾಜಿನಗರದ ಕೃಷಿ ಕಾಲೇಜಿನ ಸಸ್ಯರೋಗ ವಿಭಾಗದಲ್ಲಿ ಕೇಳಿ ನೋಡಿ. ಔಷಧಿ ಹೊಡೆಯದ, ಬೇರು-ಮಣ್ಣು ಸಮೇತ ಗಿಡ ಚೀಲದಲ್ಲಿ ಕಟ್ಟಿ ಒಯ್ಯಬೇಕು, ಒಣಗಿದ ಎಲೆ ಒಂದು ಒಯ್ದ್ರೆ ಯಾರೂ ಏನೂ ಹೇಳೋಕಾಗಲ್ಲ. ಕಿಸಾನ್ ಕಾಲ್ ಸೆಂಟರ್ 1800-180-1551 ಕೂಡ ಇದೆ. ಒಂದೇ ವಾರದಲ್ಲಿ ಎರಡು ಮೂರು ಕುಂಡ ಒಂದೇ ಥರ ಸತ್ರೆ ಮನೇಲಿ ಪ್ರಯೋಗ ನಿಲ್ಲಿಸಿ ಇವ್ರನ್ನ ಕೇಳೋ ಹೊತ್ತು ಅದು.

ಹೂ ಸಣ್ಣದಾಯ್ತು, ನಡುವೆ ಹಳದಿ ಕಣ್ಣು ಬಿಡ್ತಿದೆ

ಆಗಸ್ಟಲ್ಲಿ ತುಂಬುದಳ ಇದ್ದ ಅದೇ ಗಿಡ ಡಿಸೆಂಬರಲ್ಲಿ ನಡುವೆ ಹಳದಿ ಬಟ್ಟಲು ತೋರ್ಸಿದ್ರೆ ಗೆಡ್ಡೆ ಜಾತಿ ಕೆಟ್ಟಿಲ್ಲ, ಹಗಲು ಗಿಡ್ಡ ಆಗಿದೆ. ಹಗಲು ಕಮ್ಮಿ ಆದ ಹಾಗೆ ಡೇರೆ ಹೂವಿಗಿಂತ ಗೆಡ್ಡೆ ಕಟ್ಟೋ ಕಡೆ ಗಮನ ಕೊಡತ್ತೆ. ದೊಡ್ಡ ಹೂವೇ ಬೇಕಂದ್ರೆ ಮೂರು ಮೊಗ್ಗಿನ ಗೊಂಚಲಲ್ಲಿ ಅಕ್ಕಪಕ್ಕದ ಎರಡು ತೆಗೆದು ನಡುವಿಂದು ಬಿಡಿ. ಜನವರಿ ಕೊನೆಗೆ ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನ ನೋಡಿ ಬಂದು ನಮ್ಮನೇದು ಯಾಕೆ ಹಾಗಿಲ್ಲ ಅಂತ ಕೊರಗೋರಿಗೂ ಇದೇ ಉತ್ತರ, ಪ್ರದರ್ಶನಕ್ಕೆ ಬೆಳೆಸೋರು ಮೊಗ್ಗು ತೆಗೆಯೋದ್ರಲ್ಲಿ ಒಂಚೂರೂ ದಯೆ ತೋರಿಸಲ್ಲ.

ತಂದದ್ದು ಪಿಯೋನಿ, ಡೇರೆ ಅಲ್ಲ

ಈಚೆಗೆ ಆನ್‌ಲೈನಲ್ಲಿ ಪಿಯೋನಿ ಗೆಡ್ಡೆ ತರಿಸಿ, ಡೇರೆ ಥರಾನೇ ನೋಡ್ಕೊಂಡು, ಹೂ ಬಂದಿಲ್ಲ ಅನ್ನೋರು ಜಾಸ್ತಿ ಆಗಿದ್ದಾರೆ. ಹೂ ನೋಡೋಕೆ ಹತ್ತಿರ, ಗಿಡ ಬೇರೇನೇ. ಪಿಯೋನಿಗೆ ಚಳಿಗಾಲದಲ್ಲಿ ವಾರಗಟ್ಲೆ 4-5 ಡಿಗ್ರಿ ಆಸುಪಾಸಿನ ಚಳಿ ಬೇಕು, ಆಗಲೇ ಒಳಗಿನ ಮೊಗ್ಗು ಎಚ್ಚರ ಆಗೋದು. ನಮ್ಮ ದೇಶದಲ್ಲಿ ಅದು ಕಾಡಲ್ಲಿ ಬೆಳೆಯೋದು ಕಾಶ್ಮೀರ, ಹಿಮಾಚಲ, ಉತ್ತರಾಖಂಡದ ಹಿಮಾಲಯದಲ್ಲಿ. ಪುಣೇಲಿ ಜನವರಿಯ ಕೆಲವು ರಾತ್ರಿ 10 ಡಿಗ್ರಿ ಕೆಳಗೆ ಇಳಿದ್ರೆ ನಾವು ಸ್ವೆಟರ್ ಹುಡುಕ್ತೀವಿ, ಪಿಯೋನಿಗೆ ಅದು ಲೆಕ್ಕಕ್ಕೇ ಇಲ್ಲ. ಒಂದೆರಡು ವರ್ಷ ಎಲೆ ಬಂದು ಕ್ರಮೇಣ ಸೊರಗತ್ತೆ. ಫ್ರಿಜ್ಜಲ್ಲಿಟ್ಟು ಆಟ ಆಡಬಹುದು, ಹೂ ಬರತ್ತೆ ಅಂತ ದುಡ್ಡು ಹಾಕಬೇಡಿ. ನೀಲಿ ಪಿಯೋನಿ ಬೀಜ ಅಂತ ಫೋಟೋ ಹಾಕಿ ಮಾರೋದಂತೂ ಪೂರ್ತಿ ಮೋಸ. ಆ ಥರದ ಹೂವೇ ಬೇಕಂದ್ರೆ ಡೇರೇಲೇ ಪಿಯೋನಿ ಡೇಲಿಯಾ ಅಂತ ಒಂದು ವರ್ಗ ಇದೆ, ಎರಡು ಮೂರು ಸುತ್ತು ದಳ, ನಡುವೆ ಕಣ್ಣು, ನರ್ಸರೀಲಿ ಕೇಳಿ ನೋಡಿ.

ಫೆಬ್ರವರಿ ದಾಟ್ತು, ಗಿಡ ಒಣಗ್ತಾ ಬಂತು

ಇದು ದೋಷ ಅಲ್ಲ, ರಜೆ. ಈ ಹೊತ್ತಲ್ಲಿ ಗಾಬರಿಯಾಗಿ ನೀರು, ಗೊಬ್ಬರ ಸುರಿದೇ ಎಷ್ಟೋ ಗೆಡ್ಡೆ ಕೊಳೆಯೋದು. ನೀರು ಕಮ್ಮಿ ಮಾಡ್ತಾ ಬನ್ನಿ, ಕಾಂಡ ಪೂರ್ತಿ ಒಣಗಿದ ಮೇಲೆ ನಾಕು ಇಂಚು ಬಿಟ್ಟು ಕತ್ತರಿಸಿ. ಕುಂಡದಲ್ಲೇ ಬಿಡೋದಾದ್ರೆ ನೆರಳಿಗೆ ಸರಿಸಿ, ಮೇಲೆ ಚೀಟೀಲಿ ಬಣ್ಣ ಬರೆದಿಡಿ, ಮನೆ ಕೆಲಸದೋರಿಗೆ ಇದಕ್ಕೆ ನೀರು ಬೇಡ ಅಂತ ಎರಡು ಸಲ ಹೇಳಿ. ಅಗೆಯೋದಾದ್ರೆ ಕುತ್ತಿಗೆ ಮುರೀದ ಹಾಗೆ ಗೊಂಚಲೇ ಎತ್ತಿ, ಒಂದೆರಡು ದಿನ ನೆರಳಲ್ಲಿ ಆರಿಸಿ, ಒಣ ಮರಳು ಅಥವಾ ಕೋಕೋಪೀಟ್ ತುಂಬಿದ ರಟ್ಟಿನ ಡಬ್ಬೀಲಿ ಮನೆಯ ಅತೀ ತಂಪು ಮೂಲೇಲಿ ಇಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬೇಡಿ. ತಿಂಗಳಿಗೊಮ್ಮೆ ತೆಗೆದು ಮುಟ್ಟಿ: ಸುಕ್ಕಾಗಿದ್ರೆ ನೀರು ಚಿಮುಕಿಸಿ, ಮೆತ್ತಗಾದ್ದನ್ನ ಆರಿಸಿ ಎಸೀರಿ. ಮೇ ಕೊನೇಲಿ ಕುತ್ತಿಗೆ ಹತ್ರ ಗುಲಾಬಿ ಬಣ್ಣದ ಕಣ್ಣು ಉಬ್ಬಿದ್ರೆ ಮಣ್ಣು ಕಲಸೋಕೆ ಶುರು ಮಾಡಬಹುದು.